ಸಹಾಯಾರ್ಥ ತಾಳಮದ್ದಳೆಗೆ ಸ್ವಂತ ವೆಬ್ ಪುಟ: ನಾಲ್ಕು ವರ್ಷ ಬಳಸಿದ ಮೇಲೆ

ಕಾಸರಗೋಡಿನ ಪೆರ್ಲದಲ್ಲಿ ನಾವು ಪ್ರತಿ ಜನವರಿಯಲ್ಲಿ ಒಂದು ಸಹಾಯಾರ್ಥ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಮಾಡುತ್ತೇವೆ. ಜನವರಿ 15 ಕೇರಳದಲ್ಲಿ ಪಾಲಿಯೇಟಿವ್ ದಿನ, ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಯ ದಿನ. ಅದರ ಹತ್ತಿರದ ಭಾನುವಾರ ಮಧ್ಯಾಹ್ನ ಶುರುವಾದರೆ ರಾತ್ರಿ ಊಟದ ಹೊತ್ತಿಗೆ ಮಂಗಳ. ಬಂದ ಹಣ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಊರಿನ ಟ್ರಸ್ಟಿಗೆ. ಈ ಕೆಲಸಕ್ಕೆಂದೇ ನಾನೊಂದು ವೆಬ್ ಪುಟ ಇಟ್ಟುಕೊಂಡು ನಾಲ್ಕು ವರ್ಷವಾಯಿತು. ಉಚಿತವಾಗಿ ಪುಟ ಕಟ್ಟಿಕೊಡುವ ಒಂದು ಸೇವೆಯಲ್ಲಿ ಮಾಡಿದ್ದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕನ್ನಡದ ವಿಷಯದಲ್ಲಿ, ಅದನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿನ 10ಕೆ ಓಟ, ಮುಂಬೈ ಮ್ಯಾರಥಾನ್‌ನಲ್ಲಿ ಓಡುವ ಕೆಲವರು ತಮ್ಮ ಹೆಸರಲ್ಲೇ ಪುಟ ಮಾಡಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುತ್ತಾರೆ. ಯೋಚನೆ ಬಂದದ್ದು ಅದನ್ನು ನೋಡಿ. ಟ್ರಸ್ಟಿನ ಹೆಸರು ಗೊತ್ತಿಲ್ಲದವರೂ ಓಡುವವರ ಮುಖ ನೋಡಿ ಕೊಡುತ್ತಾರೆ. ನಮ್ಮಲ್ಲೂ ಹಾಗೇ ಅಲ್ವಾ? ರಶೀದಿ ಪುಸ್ತಕ ಹಿಡಿದು ಯಾರು ಅಂಗಳಕ್ಕೆ ಬಂದರು ಎಂಬುದೇ ಮುಖ್ಯ. ಹಣ ಸಂಗ್ರಹಿಸುವ ಒಂದು ದೊಡ್ಡ ತಾಣವನ್ನೂ ನೋಡಿದ್ದೆ. ಅಲ್ಲಿ ದೇಣಿಗೆಯ ಜೊತೆ ತಾಣಕ್ಕೂ ಇಷ್ಟು ಎಂದು ಮೊದಲೇ ಗುರುತು ಹಾಕಿಟ್ಟಿದ್ದರು. ನಮ್ಮ ಮಾವಂದಿರು ಅದನ್ನು ಗಮನಿಸದೆ ಒತ್ತಿಬಿಡುತ್ತಾರೆ ಎಂದು ಬಿಟ್ಟೆ.

ಮೊದಲ ವರ್ಷ ನನ್ನದೇ ಯುಪಿಐ ನಂಬರ್ ಹಾಕಿದ್ದು ತಪ್ಪು. ಮನೆ ಖರ್ಚು, ದೇಣಿಗೆ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋಗಿ, ಬೇರೆ ಮಾಡುವಷ್ಟರಲ್ಲಿ ಫೆಬ್ರವರಿ ಮುಗಿದಿತ್ತು. ಈಗ ಟ್ರಸ್ಟಿನ ಕ್ಯೂಆರ್ ಮಾತ್ರ. ಅದರ ಕೆಳಗೆ ಯುಪಿಐ ವಿಳಾಸವನ್ನು ಅಕ್ಷರದಲ್ಲೂ ಬರೆದಿಡಿ. ಪುಟ ನೋಡುವುದೇ ಮೊಬೈಲಿನಲ್ಲಿ, ಕೈಯಲ್ಲಿರುವ ಮೊಬೈಲ್ ತನ್ನದೇ ಪರದೆಯನ್ನು ಸ್ಕ್ಯಾನ್ ಮಾಡುವುದು ಹೇಗೆ?

ತೆರಿಗೆಯ ಮಾತನ್ನೂ ಪುಟದಲ್ಲೇ ಬರೆದಿದ್ದೇನೆ. ದೇಣಿಗೆಗೆ ತೆರಿಗೆ ವಿನಾಯಿತಿ ಬೇಕಿದ್ದರೆ ಪ್ಯಾನ್ ನಂಬರ್ ಕೊಡಬೇಕು. 2000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಪುಟ ದೂರದವರಿಗೂ ಕಾಣುತ್ತದೆ, ಹಾಗಾಗಿ ಇನ್ನೊಂದು ವಿಷಯ ಕಲಿಯಬೇಕಾಯಿತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗಲ್ಫ್‌ನಲ್ಲಿ ದುಡಿಯುವ ನಮ್ಮವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಭಾವ ಕೊಟ್ಟರೆ ಆಗುತ್ತದೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ನಮ್ಮಂಥ ಸಣ್ಣ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಭಾವನಿಗೆ ಇದನ್ನು ಹೇಳುವುದು ಕಷ್ಟವಾಯಿತು. "ಹಣ ಬೇಡ ಭಾವ, ಊರಿಗೆ ಬಂದಾಗ ಒಂದು ದಿನ ನರ್ಸಮ್ಮನ ಜೊತೆ ಹೋಗಿ ಬನ್ನಿ" ಎಂದೆ. ಬಂದರು. ಎರಡು ದಿನ ಜೀಪು ಓಡಿಸಿದರು.

ಕನ್ನಡದ ತೊಂದರೆ ಹೇಳುತ್ತೇನೆ. ಪುಟಕ್ಕೆ ಕನ್ನಡದಲ್ಲಿ ಹೆಸರಿಟ್ಟೆ, ಸೇವೆ ತಾನಾಗಿಯೇ ಲಿಂಕನ್ನೂ ಕನ್ನಡದಲ್ಲಿ ಮಾಡಿತು. ಖುಷಿಯಾಯಿತು. ವಾಟ್ಸಾಪ್ ಗುಂಪಿಗೆ ಹಾಕಿದ ಕೂಡಲೇ ಕನ್ನಡ ಮಾಯವಾಗಿ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕೆ ಎಲ್ಲ ಸೇರಿದ ನಾಲ್ಕು ಸಾಲಿನ ಬಾಲ ಬಂತು. "ಇದು ವೈರಸ್ಸಾ? ಒತ್ತಬಹುದಾ?" ಎಂದು ದೊಡ್ಡಮ್ಮ ಫೋನ್ ಮಾಡಿದರು. ಒತ್ತದೆ ಬಿಟ್ಟವರು ಎಷ್ಟು ಜನವೋ. ಈಗ ಲಿಂಕ್ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿದೆ, ಒಳಗೆ ಮಾತ್ರ ಕನ್ನಡ. ಪ್ರೆಸ್ಸಿನಿಂದ ಬರುವ ಆಮಂತ್ರಣವೂ ಹಳೆಯ ಫಾಂಟಿನಲ್ಲಿರುತ್ತದೆ. ಹಾಗೇ ಅಂಟಿಸಿದರೆ ಅಕ್ಷರವೇ ಓದಲಿಕ್ಕಾಗದು. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಒಂದೊಂದಾಗಿ ಕೂತು ನೋಡಬೇಕು. ಮಲಯಾಳದಲ್ಲೂ ಅದೇ ವಿವರ ಹಾಕಿದ್ದೇನೆ. ಆರೈಕೆಗೆ ಬರುವವರಲ್ಲಿ ಜಾಸ್ತಿ ಜನ ಮಲಯಾಳ ಓದುವವರು.

ರೋಗಿಗಳ ಫೋಟೋ ಹಾಕುವುದಿಲ್ಲ. ಹಾಕಿದರೆ ಹಣ ಜಾಸ್ತಿ ಬರುತ್ತದೆ ಎಂದು ಹೇಳಿದವರಿದ್ದಾರೆ. ನಮ್ಮ ಎಣ್ಮಕಜೆ ಪಂಚಾಯತಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಆಮೇಲೆ ಇಲ್ಲಿಯ ಕಾಯಿಲೆಯ ಮಕ್ಕಳ ಚಿತ್ರಗಳು ಲೋಕವೆಲ್ಲ ಸುತ್ತಿದವು. ಆ ಚಿತ್ರಗಳಿಂದ ಹೋರಾಟಕ್ಕೆ ಬಲ ಬಂದದ್ದು ನಿಜ. ಆದರೆ ಮಗುವನ್ನು ಎತ್ತಿಕೊಂಡು ಕ್ಯಾಮೆರಾ ಮುಂದೆ ಮತ್ತೆ ಮತ್ತೆ ಕೂತ ಅಮ್ಮಂದಿರು ನಮ್ಮ ನೆರೆಮನೆಯವರು. ಅವರ ಎದುರು ನಾನು ಮೊಬೈಲ್ ಎತ್ತಲಾರೆ. ನನ್ನ ಪುಟದಲ್ಲಿರುವುದು ಒಂದು ಏರ್ ಬೆಡ್, ಎರಡು ವೀಲ್‌ಚೇರ್, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಸಾಮಾನಿನ ಚೀಲ. ಫೋಟೋ ಚಿಕ್ಕದು ಮಾಡಿಯೇ ಹಾಕಿ, ಗುಡ್ಡದ ಆಚೆ ನೆಟ್‌ವರ್ಕ್ ಕಡಿಮೆ.

ನಾಲ್ಕು ವರ್ಷದಲ್ಲಿ ನನಗೆ ಖಾತ್ರಿಯಾದದ್ದು ಏನೆಂದರೆ, ಈ ಪುಟದ ಬೆಲೆ ಕಾರ್ಯಕ್ರಮದ ಮೊದಲು ಅಲ್ಲ, ಆಮೇಲೆ. ಲೆಕ್ಕ ಹಾಕುವ ಜಾಗ ಅದು. ಮೈಕ್, ಊಟ, ಭಾಗವತರು, ಚೆಂಡೆ ಮದ್ದಳೆಯವರು, ಪಾತ್ರಗಳ ಮಾತು ಹೇಳುವ ಅರ್ಥಧಾರಿಗಳ ಸಂಭಾವನೆ, ಎಲ್ಲ ಸಾಲು ಸಾಲಾಗಿ ಇರುತ್ತದೆ. ಕರ್ಣನ ಅರ್ಥ ಹೇಳಿದವರು ಒಮ್ಮೆ ತಮ್ಮ ಲಕೋಟೆಯನ್ನು ಬಿಚ್ಚದೆ ಹುಂಡಿಗೆ ಹಾಕಿದರು. ಅದನ್ನು ಖರ್ಚಿನಲ್ಲೂ ಬರೆದೆ, ಜಮೆಯಲ್ಲೂ ಬರೆದೆ. ಮೂರನೇ ವರ್ಷದಿಂದ ಕೇಳದೆಯೇ ಹಣ ಬರುತ್ತಿದೆ. ಹಿಂದಿನ ಲೆಕ್ಕ ನೋಡಿ ಕೊಟ್ಟೆವು ಎನ್ನುತ್ತಾರೆ. ಒಂದು ಮಳೆಗಾಲದಲ್ಲಿ ಯಾರೋ ಪುಟ ನೋಡಿ, ತೀರಿಕೊಂಡ ತಾಯಿಯ ಮಂಚವನ್ನೇ ಪಿಕಪ್‌ನಲ್ಲಿ ತಂದು ಇಳಿಸಿದರು.

ಹಿಂದಿನ ವರ್ಷ ನಗದು ಕೊಟ್ಟವರ ಪಟ್ಟಿ ಹಾಕಲು ನಾನು ಹತ್ತು ದಿನ ತಡಮಾಡಿದ್ದೆ. ಅಡಿಕೆ ಕೃಷಿಕರೊಬ್ಬರು, ಎಪ್ಪತ್ತು ದಾಟಿದವರು, ಮನೆ ಹುಡುಕಿಕೊಂಡು ಬಂದರು. ಕಿಸೆಯಲ್ಲಿ 501 ರೂಪಾಯಿಯ ರಶೀದಿ ಮಡಚಿ ಇಟ್ಟಿದ್ದರು. "ರಶೀದಿ ಉಂಟು ಮಾರಾಯ್ರೇ, ನನಗೆ ಸಂಶಯ ಇಲ್ಲ. ಮೊಮ್ಮಗಳು ಮೊಬೈಲಿನಲ್ಲಿ ಅಜ್ಜನ ಹೆಸರು ಹುಡುಕಿದಳು, ಸಿಕ್ಕಲಿಲ್ಲ" ಎಂದರು. ಅವರ ಎದುರೇ ಹಾಕಿದೆ. ಕನ್ನಡಕ ಏರಿಸಿ ಓದಿ, ಚಹಾ ಕುಡಿದು ಹೋದರು.

ಈ ವರ್ಷ ಮಂಗಳ ಹಾಡಿ ಕುರ್ಚಿ ಜೋಡಿಸುವ ಹೊತ್ತಿಗೇ ನಾನೂ ಅಕ್ಕನ ಮಗಳೂ ರಶೀದಿ ಪುಸ್ತಕ ಹಿಡಿದು ಕೂತೆವು. ಅವಳು ಓದಿದಳು, ನಾನು ಟೈಪ್ ಮಾಡಿದೆ. ಹೆಸರು ಬೇಡ ಎಂದವರದ್ದು ರಶೀದಿ ನಂಬರ್ ಮಾತ್ರ. ಮನೆಗೆ ಹೋಗುವ ಮೊದಲೇ ಪಟ್ಟಿ ಪುಟದಲ್ಲಿತ್ತು.