ಪುಡಿ, ಬಿಲ್ಲೆ, ಉಪ್ಪು, ದ್ರವ: ಬೇಸಿಗೆಯ ಈಜುಕೊಳಕ್ಕೆ ಯಾವ ಕ್ಲೋರಿನ್?

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳ ಹದಿನೈದು ಮೀಟರ್ ಉದ್ದ, ಐದು ಮೀಟರ್ ಅಗಲವಿದೆ. ಸರಾಸರಿ ಆಳ 1.2 ಮೀಟರ್, ಹಿಡಿಯುವ ನೀರು 90,000 ಲೀಟರ್. ಮಳೆ ಚಳಿಗಳಲ್ಲಿ ಅದರ ಕಡೆ ಬರುವವರು ಕಡಿಮೆ. ಮಾರ್ಚ್ ಕೊನೆಯಲ್ಲಿ ಶಾಲೆಯ ಪರೀಕ್ಷೆಗಳು ಮುಗಿದ ಮೇಲೆ ಮಾತ್ರ ಸಂಜೆ ನಾಲ್ಕರಿಂದ ಏಳರವರೆಗೆ ಮೂವತ್ತು ನಲವತ್ತು ಮಕ್ಕಳು ಅಲ್ಲೇ ಇರುತ್ತಾರೆ, ಮತ್ತು ಅಷ್ಟು ಹೊತ್ತು ಇಡೀ ಆವರಣದಲ್ಲಿ ಅವರ ಕೇಕೆ ಕೇಳುತ್ತಿರುತ್ತದೆ. ನಿವಾಸಿಗಳ ಸಂಘದ ಪರವಾಗಿ 2022ರಿಂದ ಈ ನೀರಿನ ಹೊಣೆಯನ್ನು ನಾನು ಹೊತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಮೂರು ಬಗೆಯ ಕ್ಲೋರಿನ್ ಅನ್ನು ಇಲ್ಲಿ ಬಳಸಿ ನೋಡಿದ್ದೇನೆ. ನಾಲ್ಕನೆಯ ಬಗೆಯನ್ನು ಮೈಸೂರಿನ ಹತ್ತಿರ ತಂಗಿಯ ತೋಟದ ಮನೆಯ ಸಣ್ಣ ಕೊಳದಲ್ಲಿ ಒಂದು ಬೇಸಿಗೆಯಿಡೀ ನಿಭಾಯಿಸಿದ್ದೇನೆ. ಸಾಮಾನ್ಯವಾಗಿ ಇವುಗಳನ್ನು ಕಿಲೋ ಅಥವಾ ಲೀಟರಿನ ಬೆಲೆಯಿಂದ ಹೋಲಿಸುತ್ತಾರೆ. ನನ್ನ ಅನುಭವದಲ್ಲಿ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಹೋದ ಮೇಲೆ ಅದರ ಜೊತೆ ಬಂದದ್ದು ನೀರಿನಲ್ಲಿ ಏನಾಗಿ ಉಳಿಯುತ್ತದೆ ಎಂಬುದನ್ನೇ ಮೊದಲು ನೋಡಬೇಕು.

ಏಕೆಂದರೆ ಕ್ರಿಮಿಗಳನ್ನು ಕೊಲ್ಲುವ ವಸ್ತು ನಾಲ್ಕರಲ್ಲಿಯೂ ಒಂದೇ. ಪುಡಿಯಾಗಲಿ, ಬಿಲ್ಲೆಯಾಗಲಿ, ನೀರಿಗೆ ಬಿದ್ದ ಮೇಲೆ ಅದು ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಅದರ ಬಲವನ್ನು ನಿರ್ಧರಿಸುವುದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ: 7.5ರಲ್ಲಿ ಇರುವ ಕ್ಲೋರಿನ್ನಿನಲ್ಲಿ ಸುಮಾರು ಅರ್ಧ ಮಾತ್ರ ಈ ಬಲವಾದ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ನಾವು ಪಿಎಚ್ ಅನ್ನು 7.2ರಿಂದ 7.6ರೊಳಗೆ ಇಟ್ಟುಕೊಳ್ಳಲು ಪ್ರಯತ್ನಿಸುತ್ತೇವೆ. ಎರಡನೆಯ ಶತ್ರು ಬಿಸಿಲು. ಅದರ ನೇರಳಾತೀತ ಕಿರಣಗಳು ಕ್ಲೋರಿನ್ ಅನ್ನು ಒಡೆದುಹಾಕುತ್ತವೆ. ಸಯನೂರಿಕ್ ಆಮ್ಲ ಎಂಬ ವಸ್ತು, ಅಂಗಡಿಯವರ ಮಾತಿನಲ್ಲಿ ಸ್ಟೆಬಿಲೈಸರ್, ನೀರಿನಲ್ಲಿ 30ರಿಂದ 50 ಪಿಪಿಎಂ (ಒಂದು ಪಿಪಿಎಂ ಎಂದರೆ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ) ಇದ್ದರೆ ಅದು ಕ್ಲೋರಿನ್ನಿಗೆ ಕೊಡೆ ಹಿಡಿದಂತೆ ಕಾಯುತ್ತದೆ. ಮುಂದೆ ನಾವು ತೊಂದರೆಗೆ ಸಿಲುಕಿದ್ದು ಈ ಕೊಡೆಯಿಂದಲೇ.

2022ರಲ್ಲಿ ಮೊದಲು ತಂದದ್ದು ಊರಿನ ಬಾವಿಗೆ ಹಾಕುವ ಅದೇ ಬ್ಲೀಚಿಂಗ್ ಪೌಡರ್. ಹೊಸ ಚೀಲದಲ್ಲಿ ಕ್ಲೋರಿನ್ ಮೂರನೆಯ ಒಂದು ಭಾಗದಷ್ಟಿರುತ್ತದೆ. ಉಳಿದುದರಲ್ಲಿ ಹೆಚ್ಚಿನದು ಸುಣ್ಣ. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಕದಡಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಸುರಿದರೂ ಕೊಳದ ತಳದಲ್ಲಿ ಬಿಳಿ ಮಡ್ಡಿ ಕೂರುತ್ತಿತ್ತು. ಎರಡು ವಾರ ನೋಡಿ ಅದನ್ನು ಬಿಟ್ಟು, 65 ಶೇಕಡಾ ಶಕ್ತಿಯ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳುಗಳಿಗೆ ಬದಲಾದೆವು. ಮಡ್ಡಿ ಬಹುಮಟ್ಟಿಗೆ ನಿಂತಿತು, ನೀರು ಒಂದೇ ರಾತ್ರಿಯಲ್ಲಿ ಹೊಳೆಯತೊಡಗಿತು. ಪಾಚಿ ಹಿಡಿದ ಕೊಳವನ್ನು ಬೇಗ ಸರಿಪಡಿಸಬೇಕಾದಾಗ ಇಂದಿಗೂ ನನಗೆ ಈ ಹರಳಿನ ಮೇಲೆಯೇ ನಂಬಿಕೆ. ಆದರೆ ದಿನಬಳಕೆಯಲ್ಲಿ ಎರಡು ದೋಷಗಳು ಕಂಡವು. ಆಗ ಸ್ಟೆಬಿಲೈಸರ್ ವಿಷಯ ನನಗೆ ತಿಳಿದಿರಲಿಲ್ಲವಾದ್ದರಿಂದ ಬೆಳಗ್ಗೆ ಏಳಕ್ಕೆ 3 ಪಿಪಿಎಂ ಇದ್ದ ಕ್ಲೋರಿನ್ ಮಧ್ಯಾಹ್ನ ಹನ್ನೆರಡಕ್ಕೆ 0.5ಕ್ಕಿಂತ ಕೆಳಗಿರುತ್ತಿತ್ತು, ಮಕ್ಕಳು ಬರುವ ಮೊದಲು ಮತ್ತೆ ಹಾಕಬೇಕಾಗುತ್ತಿತ್ತು. ಎರಡನೆಯದು ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಶ. ಈ ಹರಳಿನಿಂದ 10 ಪಿಪಿಎಂ ಕ್ಲೋರಿನ್ ಸೇರಿಸಿದಾಗಲೆಲ್ಲ ಸುಮಾರು 7 ಪಿಪಿಎಂ ಗಡಸುತನವೂ ಸೇರುತ್ತದೆ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ಜೊತೆಗೆ ಬೇಸಿಗೆಯಲ್ಲಿ ದಿನಕ್ಕೆ ಆರು ಮಿಲಿಮೀಟರಿನಷ್ಟು, ಅಂದರೆ ಸುಮಾರು 450 ಲೀಟರ್, ಆವಿಯಾಗಿ ಹೋಗುತ್ತದೆ, ಹೋಗುವಾಗ ತನ್ನ ಸುಣ್ಣವನ್ನು ಹಿಂದೆಯೇ ಬಿಟ್ಟು ಹೋಗುತ್ತದೆ. ಮಾರ್ಚ್ ಆರಂಭದಲ್ಲಿ 420 ಇದ್ದ ಗಡಸುತನ ಮೇ ಕೊನೆಗೆ 800ರ ಹತ್ತಿರ ಬಂದಿತ್ತು. ಟೈಲ್ಸಿನ ಮೇಲೆ ನೀರಿನ ಮಟ್ಟದಲ್ಲಿ ಕೈಗೆ ಒರಟಾಗಿ ಸಿಗುವ ಬಿಳಿ ಪಟ್ಟಿ ಮೂಡಿತು, ಫಿಲ್ಟರಿನೊಳಗಿನ ಮರಳು ಅಲ್ಲಲ್ಲಿ ಹೆಂಟೆಯಾಗಿತ್ತು.

2023ರಲ್ಲಿ ಬಿಲ್ಲೆಗಳು ಬಂದವು. ಟಿಸಿಸಿಎ 90 ಎಂದು ಮಾರುವ ಈ 200 ಗ್ರಾಂ ತೂಕದ ಟ್ಯಾಬ್ಲೆಟ್‌ಗಳನ್ನು ತೇಲುವ ಡಬ್ಬಿಯಲ್ಲಿಟ್ಟು ಬಿಟ್ಟರೆ ಅವು ತಾವಾಗಿಯೇ ನಿಧಾನವಾಗಿ ಕರಗುತ್ತವೆ. ಅಂತಹ ನೆಮ್ಮದಿಯ ಮಾರ್ಚ್ ಏಪ್ರಿಲ್ ನಮ್ಮ ಕೊಳಕ್ಕೆ ಹಿಂದೆ ಇರಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಧೂಳಿಲ್ಲ, ಬಕೆಟ್ ಇಲ್ಲ, ದಿನಕ್ಕೆ ಒಂದೂಕಾಲು ಬಿಲ್ಲೆ ಸಾಕು. ಅವು ಆಮ್ಲೀಯವಾದ್ದರಿಂದ, ಸದಾ ಮೇಲೇರಲು ಹವಣಿಸುವ ನಮ್ಮ ಬೋರ್‌ವೆಲ್ ನೀರಿನ ಪಿಎಚ್ ಕೂಡ ಹತೋಟಿಯಲ್ಲಿತ್ತು, ಪ್ರತ್ಯೇಕವಾಗಿ ಆಸಿಡ್ ಹಾಕುವ ಕೆಲಸ ತಪ್ಪಿತು. ಮೂರು ಬಗೆಗಳನ್ನು ಒಂದೇ ಒಂದು ತಿಂಗಳು ಬಳಸಿ ಹೋಲಿಸಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಬಿಲ್ಲೆಯನ್ನೇ ಆರಿಸುತ್ತಿದ್ದೆ.

ಮೇ ಎರಡನೆಯ ವಾರದಲ್ಲಿ ಮೆಟ್ಟಿಲಿನ ಮೂಲೆಗಳು ಜಾರತೊಡಗಿದವು. ಮುಟ್ಟಿದರೆ ತೆಳುವಾದ ಹಸಿರು ಪಾಚಿ. ಪರೀಕ್ಷೆಯಲ್ಲಿ ಕ್ಲೋರಿನ್ 2 ಪಿಪಿಎಂ ತೋರಿಸುತ್ತಿತ್ತು, ಪಿಎಚ್ ಸರಿಯಿತ್ತು, ಆದರೂ ಪಾಚಿ. ಕೊನೆಗೆ ಸಯನೂರಿಕ್ ಆಮ್ಲವನ್ನು ಅಳೆಯುವ ಕಿಟ್ ತರಿಸಿದೆ. ಅದರಲ್ಲಿ ಕೊಳದ ನೀರಿಗೆ ಒಂದು ದ್ರಾವಣ ಬೆರೆಸಿದಾಗ ನೀರು ಹಾಲಿನಂತೆ ಕದಡುತ್ತದೆ. ಕೊಳವೆಯ ತಳದ ಕಪ್ಪು ಚುಕ್ಕೆ ಎಷ್ಟು ಬೇಗ ಮರೆಯಾಗುತ್ತದೋ ಅಂಶ ಅಷ್ಟು ಹೆಚ್ಚು. ನಮ್ಮ ಚುಕ್ಕೆ ಕೊಳವೆಗೆ ನೀರು ಹಾಕುವಷ್ಟರಲ್ಲೇ ಮರೆಯಾಯಿತು. ಅರ್ಧಕ್ಕರ್ಧ ಶುದ್ಧ ನೀರು ಬೆರೆಸಿ ಮತ್ತೆ ಅಳೆದು, ಬಂದ ಅಂಕಿಯನ್ನು ಇಮ್ಮಡಿಸಿದಾಗ 120 ಬಂತು. ಬಿಲ್ಲೆಯೊಳಗೇ ಸ್ಟೆಬಿಲೈಸರ್ ಇದೆ: 10 ಪಿಪಿಎಂ ಕ್ಲೋರಿನ್ನಿನ ಜೊತೆಗೆ ಸುಮಾರು 6 ಪಿಪಿಎಂ ಸಯನೂರಿಕ್ ಆಮ್ಲ. ಕ್ಲೋರಿನ್ ದಿನವೂ ಖರ್ಚಾಗುತ್ತದೆ, ಈ ಆಮ್ಲ ಖರ್ಚಾಗುವುದಿಲ್ಲ, ಬಿಸಿಲಿಗೆ ಆವಿಯಾಗುವುದಿಲ್ಲ, ಮರಳಿನ ಫಿಲ್ಟರಿಗೂ ಸಿಗುವುದಿಲ್ಲ. ಅದು ಹೆಚ್ಚಾದಷ್ಟೂ ಕ್ಲೋರಿನ್ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಕೆಲಸ ಮಾಡಲು ಬಿಡುವುದಿಲ್ಲ. 120 ಇದ್ದಾಗ ಪಾಚಿಯನ್ನು ತಡೆಯಲು 9 ಪಿಪಿಎಂ ಆಸುಪಾಸಿನ ಕ್ಲೋರಿನ್ ಬೇಕಾಗುತ್ತದೆ, ಮಕ್ಕಳು ಈಜುವ ನೀರಿನಲ್ಲಿ ಅಷ್ಟನ್ನು ದಿನವೂ ಇಡಲು ನನ್ನ ಮನಸ್ಸು ಒಪ್ಪಲಿಲ್ಲ. ಇದಕ್ಕೆ ಮದ್ದು ಒಂದೇ, ನೀರನ್ನು ಚೆಲ್ಲಿ ಹೊಸ ನೀರು ತುಂಬುವುದು.

ಚೆಲ್ಲುವುದು ಸುಲಭದ ಮಾತಲ್ಲ ಎಂಬುದನ್ನು ಮುಂದಿನ ಬೇಸಿಗೆ ಕಲಿಸಿತು. 2024ರ ಫೆಬ್ರವರಿಯಲ್ಲಿ ಅಳತೆ 140 ಇತ್ತು. ಅದನ್ನು 40ಕ್ಕೆ ಇಳಿಸಲು ಸುಮಾರು 64,000 ಲೀಟರ್ ಬದಲಿಸಬೇಕು, ಅಂದರೆ 6,000 ಲೀಟರಿನ ಹನ್ನೊಂದು ಟ್ಯಾಂಕರ್. ಆ ಮಾರ್ಚಿನಲ್ಲಿ ನಗರದ ಬೋರ್‌ವೆಲ್‌ಗಳು ಸಾಲಾಗಿ ಬತ್ತಿದ್ದವು. ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ಬೆಂಗಳೂರು ಜಲಮಂಡಳಿ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಆ ನಿರ್ಧಾರ ನ್ಯಾಯವಾದದ್ದೇ. ಅಡುಗೆಗೆ ನೀರಿಲ್ಲದ ಮನೆಗಳ ನಡುವೆ ಕೊಳ ತುಂಬಿಸುವ ಯೋಚನೆಯೇ ಸಲ್ಲದು. ನಾವು ಕೊಳವನ್ನು ಮುಚ್ಚಿದೆವು. ಕ್ಲೋರಿನ್ ಇಳಿದ ಮೇಲೆ ಆ ನೀರನ್ನು ಸ್ವಲ್ಪ ಸ್ವಲ್ಪವೇ ಪಂಪ್ ಮಾಡಿ ಶೌಚಾಲಯದ ಫ್ಲಶ್‌ಗೂ ನೆಲ ತೊಳೆಯುವುದಕ್ಕೂ ಬಳಸಿದೆವು, ಮೇ ಕೊನೆಗೆ ತಳದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಉಳಿದಿತ್ತು. ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಮೊದಲ ಕೊಳೆ ನೀರನ್ನು ಹೊರಗೆ ಬಿಟ್ಟು, ತಾರಸಿಯ ಉಳಿದ ಮಳೆನೀರನ್ನು ಕೊಳಕ್ಕೆ ತಿರುಗಿಸಿದೆವು. ಉಳಿದ ಕೊರತೆಯನ್ನು ಆ ವಾರದ ಮಳೆ ತುಂಬಿಸಿತು. ಸಯನೂರಿಕ್ ಆಮ್ಲ 40ಕ್ಕೆ ಇಳಿಯಿತು, ಜೊತೆಗೆ ಗಡಸುತನ 220ರ ಸುಮಾರಿಗೆ ಬಂತು, ಏಕೆಂದರೆ ಮಳೆನೀರಿಗಿಂತ ಮೃದುವಾದ ನೀರು ಬೇರೆ ಇಲ್ಲ.

ತಂಗಿಯ ಕೊಳದಲ್ಲಿ ನೋಡಿದ ನಾಲ್ಕನೆಯ ಬಗೆ, ಉಪ್ಪಿನ ಯಂತ್ರದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ತಂಗಿಯ 30,000 ಲೀಟರ್ ಕೊಳಕ್ಕೆ ಆರಂಭದಲ್ಲಿ ಐವತ್ತು ಕಿಲೋದ ಎರಡು ಚೀಲ ಉಪ್ಪು ಬೇಕಾಯಿತು; ಯಂತ್ರದೊಳಗಿನ ತಟ್ಟೆಗಳು ವಿದ್ಯುತ್ತಿನಿಂದ ಆ ಉಪ್ಪುನೀರನ್ನೇ ಕ್ಲೋರಿನ್ ಆಗಿ ಪರಿವರ್ತಿಸುತ್ತವೆ. ಈಜಲು ನಾಲ್ಕರಲ್ಲಿ ಹೆಚ್ಚು ಹಿತವಾದ ನೀರು ಇದೇ, ಮೈ ಚರ್ಮ ಬಿಗಿಯುವುದಿಲ್ಲ. ಆದರೆ ಕರೆಂಟ್ ಹೋದರೆ ಕ್ಲೋರಿನ್ ಇಲ್ಲ, ಗಡಸು ನೀರಿನಿಂದ ತಟ್ಟೆಗಳ ಮೇಲೆ ತಿಂಗಳೊಳಗೆ ಸುಣ್ಣ ಕಟ್ಟುತ್ತದೆ, ಪಿಎಚ್ ಏರುತ್ತಲೇ ಇರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದದ್ದು ಬ್ಯಾಕ್‌ವಾಷ್ ನೀರು, ಅಂದರೆ ಫಿಲ್ಟರನ್ನು ತೊಳೆದು ಹೊರಬಿಡುವ ನೀರು. ಸಾಮಾನ್ಯ ಕೊಳದಿಂದ ಬರುವ ಆ ನೀರನ್ನು ಎರಡು ದಿನ ಬಿಸಿಲಿಗಿಟ್ಟು ಗಿಡಗಳಿಗೆ ಬಿಡಬಹುದು. ಉಪ್ಪುನೀರನ್ನು ಬಾಳೆಗೆ ಬಿಟ್ಟರೆ ಎಲೆಯ ಅಂಚು ಸುಡುತ್ತದೆ. ತೋಟದ ನಡುವೆಯೇ ಇದ್ದೂ ತೋಟಕ್ಕೆ ಬಾರದ ನೀರು ಅದು.

2025ರ ಬೇಸಿಗೆಗೆ ನಾವು ದ್ರವ ಕ್ಲೋರಿನ್, ಅಂದರೆ 10 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಆರಿಸಿಕೊಂಡೆವು. ಸ್ಟೆಬಿಲೈಸರ್ ಅಂಶ ಮಳೆಗಾಲದಲ್ಲಿ ಇನ್ನಷ್ಟು ಇಳಿದಿದ್ದರಿಂದ ಅದನ್ನು ಒಮ್ಮೆ ಮಾತ್ರ ಪ್ರತ್ಯೇಕವಾಗಿ ಹಾಕಿ 30ಕ್ಕೆ ತಂದೆವು. ಆಮೇಲೆ ಕೊಡೆ ಎಷ್ಟು ದೊಡ್ಡದಿರಬೇಕು ಎಂಬುದು ನಮ್ಮ ಕೈಯಲ್ಲಿತ್ತು. ರಾತ್ರಿ ಏಳೂವರೆಗೆ, ಮಕ್ಕಳೆಲ್ಲ ಹೋದ ಮೇಲೆ, ಪಂಪ್ ಓಡುತ್ತಿರುವಾಗ ಎರಡೂಕಾಲು ಲೀಟರ್ ಸುರಿದರೆ 2.5 ಪಿಪಿಎಂ ಏರುತ್ತದೆ. ಮರುದಿನ ಸಂಜೆ ಮಕ್ಕಳು ನೀರಿಗಿಳಿಯುವಾಗ 2ರ ಹತ್ತಿರ ಉಳಿದಿರುತ್ತದೆ. ನೀರಿನಲ್ಲಿ ಉಳಿಯುವುದು ತುಸು ಉಪ್ಪು ಮಾತ್ರ, ಅದೂ ಯಂತ್ರದ ಕೊಳಕ್ಕೆ ಹೋಲಿಸಿದರೆ ಅಲ್ಪ. ಸುಣ್ಣದ ಪಟ್ಟಿ ಬೆಳೆಯುವುದು ಬಹಳ ನಿಧಾನವಾಯಿತು, ಮೂಲೆಗಳು ಜಾರಲಿಲ್ಲ.

ಇದಕ್ಕೂ ಶ್ರಮವಿದೆ. ದಿನ ತಪ್ಪುವಂತಿಲ್ಲ. ತಗಡಿನ ಚಾವಣಿಯ ಕೋಣೆಯಲ್ಲಿಟ್ಟ ಕ್ಯಾನ್ ಮೂರು ವಾರಗಳಲ್ಲಿ ಐದನೆಯ ಒಂದು ಭಾಗದಷ್ಟು ಶಕ್ತಿ ಕಳೆದುಕೊಂಡಿತ್ತು, ಆದ್ದರಿಂದ ಈಗ ನೆಲಮಾಳಿಗೆಯ ತಂಪಿನಲ್ಲಿ ಹತ್ತು ದಿನಕ್ಕಾಗುವಷ್ಟನ್ನು ಮಾತ್ರ ಇಡುತ್ತೇವೆ. ಪಿಎಚ್ ಏರಿದಾಗ ವಾರಕ್ಕೊಮ್ಮೆ ಆಸಿಡ್ ಬೇಕು. ಅದನ್ನು ಕ್ಲೋರಿನ್ ಇರುವ ಕೋಣೆಯಲ್ಲಿ ಇಡುವುದಿಲ್ಲ, ಎರಡೂ ಬೆರೆತರೆ ವಿಷಾನಿಲ ಏಳುತ್ತದೆ. ಹಳೆಯ ಹರಳು ಮತ್ತು ಬಿಲ್ಲೆ ಎರಡೂ ಮಿಕ್ಕಿರುವ ಮನೆಗಳವರಿಗೆ ಇನ್ನೂ ಒತ್ತಿ ಹೇಳುತ್ತೇನೆ: ಅವನ್ನು ಒಂದೇ ಡಬ್ಬಿಯಲ್ಲಿ ಹಾಕಬೇಡಿ, ಒಂದೇ ಸೌಟಿನಲ್ಲಿ ತೆಗೆಯಬೇಡಿ, ಸ್ವಲ್ಪ ತೇವ ತಗುಲಿದರೂ ಬೆಂಕಿ ಹೊತ್ತಿಕೊಳ್ಳಬಹುದು ಅಥವಾ ಸಿಡಿಯಬಹುದು.

ನಾಲ್ಕರಲ್ಲಿ ಯಾವುದನ್ನು ಹಾಕಿದರೂ ಅದರ ಒಂದು ಪಾಲು ಬೆವರು ಮತ್ತು ತಲೆಗೂದಲಿನ ಕೊಬ್ಬರಿ ಎಣ್ಣೆಗೆ ಖರ್ಚಾಗುತ್ತದೆ. ಕಣ್ಣುರಿಗೂ ಮೂಗಿಗೆ ಬಡಿಯುವ ಆ ವಾಸನೆಗೂ ಹೆಚ್ಚಾದ ಕ್ಲೋರಿನ್ ಕಾರಣವೆಂದು ತಾಯಂದಿರು ಹೇಳುತ್ತಿದ್ದರು. ಅದು ಕ್ಲೋರಿನ್ ಬೆವರು, ಮೂತ್ರಗಳೊಂದಿಗೆ ಸೇರಿ ಆಗುವ ಕ್ಲೋರಮೈನಿನ ವಾಸನೆ. ಆದ್ದರಿಂದ ಕಳೆದ ಏಪ್ರಿಲ್‌ನಿಂದ ಷವರಿನ ಪಕ್ಕದಲ್ಲಿ ಸೀಗೆಪುಡಿಯ ಡಬ್ಬಿ ಇಟ್ಟಿದ್ದೇವೆ. ಮಕ್ಕಳನ್ನೆಲ್ಲ ತಲೆ ತೊಳೆಸಿ ನೀರಿಗೆ ಬಿಟ್ಟ ಸಂಜೆಗಳ ನಂತರ ಎರಡೂಕಾಲು ಲೀಟರಿನ ಬದಲು ಒಂದೂಮುಕ್ಕಾಲು ಲೀಟರ್ ಸಾಕಾಗಿದೆ.