ಏಡನ್ನಿನ ಅಂಚೆಚೀಟಿ: ಹಾಯಿಹಡಗಿನ ಸರಣಿಯೋ, ಭಾರತದ ಚೀಟಿಯ ಮೇಲಿನ ಠಸ್ಸೆಯೋ?

ಇಂದಿನ ಯೆಮನ್ ದೇಶದಲ್ಲಿರುವ ಏಡನ್ ಬಂದರಿನ ಅಂಚೆಚೀಟಿಗಳನ್ನು ಕೂಡಿಸಲು ಹೊರಟವರ ಮುಂದೆ ಎರಡು ದಾರಿಗಳಿವೆ. 1937ರ ಏಪ್ರಿಲ್ 1ರಂದು ಏಡನ್ ಬ್ರಿಟಿಷ್ ಭಾರತದಿಂದ ಬೇರ್ಪಟ್ಟು ಪ್ರತ್ಯೇಕ ವಸಾಹತಾದಾಗ ಹೊರಬಂದ ಅದರ ಸ್ವಂತ ಚೀಟಿಗಳಿಂದ ತೊಡಗುವುದು ಒಂದು. 1854ರಿಂದ ಅಲ್ಲಿಯವರೆಗೆ ಆ ಊರಿನಲ್ಲಿ ಬಳಕೆಯಲ್ಲಿದ್ದ ಭಾರತದ ಚೀಟಿಗಳನ್ನು, ಅವುಗಳ ಮೇಲೆ ಬಿದ್ದ ಏಡನ್ ಅಂಚೆ ಕಚೇರಿಯ ಠಸ್ಸೆ ನೋಡಿ ಹೆಕ್ಕುವುದು ಇನ್ನೊಂದು. ನಾನು ಮೊದಲನೆಯದನ್ನು ನಾಲ್ಕು ವರ್ಷ ಹಿಡಿದು ನಡೆದೆ; ಎರಡನೆಯದರಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ.

ಮೊದಲ ದಾರಿ ನೇರವಾದುದು. ಅರ್ಧ ಆಣೆಯಿಂದ ಹತ್ತು ರೂಪಾಯಿಯವರೆಗೆ ಒಟ್ಟು 12 ಚೀಟಿಗಳು, ಹನ್ನೆರಡರಲ್ಲೂ ಒಂದೇ ಹಾಯಿಹಡಗು. ಆ ಕಾಲದ ವಸಾಹತು ಚೀಟಿಗಳಲ್ಲಿ ವಾಡಿಕೆಯಾಗಿದ್ದ ರಾಜನ ಮುಖ ಇವುಗಳಲ್ಲಿ ಇಲ್ಲ. ಲಂಡನ್ನಿನ ಡಿ ಲಾ ರೂ ಕಂಪನಿಯ ಕೊರೆಯಚ್ಚಿನ, ಅಂದರೆ ಲೋಹದಲ್ಲಿ ಗೆರೆಗಳನ್ನು ಕೊರೆದು ಒತ್ತುವ ಅಚ್ಚಿನ, ಕೆಲಸವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಾಯಿಯ ಮೇಲಿನ ಶಾಯಿಯ ಗೆರೆಗಳು ಕಾಗದದಿಂದ ಸ್ವಲ್ಪ ಎದ್ದು ನಿಂತಿರುವುದು ಕಾಣುತ್ತದೆ, ಮತ್ತು ಅಂಥ ಕೈಚಳಕ ನಿಜಕ್ಕೂ ಮನಸ್ಸು ತುಂಬುತ್ತದೆ. ಏನು ಬಂತು, ಏನು ಬಾಕಿಯಿದೆ ಎಂಬುದೂ ಸ್ಪಷ್ಟವಾಗಿರುತ್ತದೆ. ಆದರೆ ಕೊನೆಯ ಎರಡು ಚೀಟಿಗಳ ಬೆಲೆ ಉಳಿದ ಹತ್ತರ ಒಟ್ಟು ಬೆಲೆಯನ್ನು ಮೀರುತ್ತದೆ. ಸಾಲದ್ದಕ್ಕೆ, ಬಳಸದ ಚೀಟಿಯ ಬೆಲೆ ನಿಂತಿರುವುದು ಹಿಂಬದಿಯ ಅಂಟಿನ ಮೇಲೆ, ಮತ್ತು ನಮ್ಮ ಕರಾವಳಿಯ ಮಳೆಗಾಲ ಆ ಅಂಟಿನ ವೈರಿ. ಒಂದು ಆಷಾಢದಲ್ಲಿ ನನ್ನ ಮೂರಾಣೆಯ ಚೀಟಿಯ ಹಿಂದೆ ಕಂದು ಚುಕ್ಕೆಗಳು ಮೂಡಿದವು. ಎರಡು ರೂಪಾಯಿಯ ಹಳದಿ ಚೀಟಿಯಲ್ಲಂತೂ ಮೋಸವೇ ಆಗಿತ್ತು: ಅಂಚಿನ ಹಲ್ಲುಗಳನ್ನು ಬೆರಳ ತುದಿಯಲ್ಲಿ ಸವರಿದಾಗ ಅವು ಮೃದುವಾಗಿರದೆ ಗಡುಸಾಗಿದ್ದವು, ಅಂದರೆ ಯಾರೋ ಹೊಸದಾಗಿ ಅಂಟು ಬಳಿದು, ಅದು ಹಲ್ಲುಗಳ ನಾರಿನೊಳಗೆ ಇಳಿದಿತ್ತು.

ಎರಡನೆಯ ದಾರಿಯಲ್ಲಿ ಅಂಟಿನ ಚಿಂತೆಯಿಲ್ಲ. ಅಲ್ಲಿ ಎಲ್ಲವೂ ಶಾಯಿಯನ್ನು ಓದುವ ಕೆಲಸ. ಏಡನ್ 1932ರವರೆಗೆ ಬಾಂಬೆ ಸರ್ಕಾರದ ಕೈಕೆಳಗಿತ್ತು, ಅಂಚೆಯೂ ಬಾಂಬೆ ವಲಯದ ಲೆಕ್ಕದಲ್ಲಿ ನಡೆಯುತ್ತಿತ್ತು. ಹಾಗಾಗಿ ಹಳೆಯ ಠಸ್ಸೆಗಳಲ್ಲಿ ಊರ ಹೆಸರಿನ ಬದಲು ಅಡ್ಡಗೆರೆಗಳ ನಡುವೆ 124 ಎಂಬ ಸಂಖ್ಯೆ, ಮುಂದೆ ಬಿ-22 (ಬಿ ಎಂದರೆ ಬಾಂಬೆ) ಎಂಬ ಗುರುತು ಸಿಗುತ್ತದೆ. ನನಗೆ ಸಿಕ್ಕ ಮೊದಲನೆಯದು ರಾಣಿ ವಿಕ್ಟೋರಿಯಾಳ ಅರ್ಧಾಣೆಯ ನೀಲಿ ಚೀಟಿ. ಒಂದು ಮತ್ತು ಎರಡು ಅವಳ ಕೆನ್ನೆಯ ಮೇಲೆ ಚೆನ್ನಾಗಿಯೇ ಬಿದ್ದಿದ್ದವು. ಮೂರನೆಯ ಅಂಕೆಯ ಅರ್ಧ ಭಾಗ ಚೀಟಿಯ ಅಂಚನ್ನು ದಾಟಿ ಹೋಗಿತ್ತು. ಮೂರನೆಯ ಅಂಕೆ ಬೇರೆಯಾದರೆ ಊರೇ ಬೇರೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ನಾಲ್ಕರ ಅಡ್ಡಗೆರೆ ನೆಟ್ಟಗಿನ ಗೆರೆಯನ್ನು ಕತ್ತರಿಸುವ ಮೂಲೆಯನ್ನು ಕಂಡುಕೊಳ್ಳುವುದಕ್ಕೆ ಎರಡು ಸಂಜೆಗಳೇ ಹಿಡಿದವು. ಆ ಸಂಜೆಗಳಲ್ಲಿ ನಾನು ಕಲಿತಷ್ಟು ಹಾಯಿಹಡಗಿನ ನಾಲ್ಕು ವರ್ಷಗಳಲ್ಲಿ ಕಲಿತಿರಲಿಲ್ಲ.

ಖರ್ಚಿನಲ್ಲಿಯೂ ಈ ದಾರಿಯೇ ಹಗುರ, ಏಕೆಂದರೆ ಅರ್ಧಾಣೆ, ಒಂದಾಣೆಯ ಭಾರತದ ಚೀಟಿಗಳು ರಾಶಿಯಾಗಿಯೇ ಮಾರಾಟಕ್ಕೆ ಬರುತ್ತವೆ, ಮತ್ತು ಮಾರುವವರು ಎಲ್ಲದರ ಠಸ್ಸೆಯನ್ನು ಓದಿರುವುದಿಲ್ಲ. ಎಡವುವುದಕ್ಕೂ ಇಲ್ಲಿ ಜಾಗವಿದೆ. ‘ಬಾಂಬೆ-ಏಡನ್ ಸೀ ಪೋಸ್ಟ್ ಆಫೀಸ್’ ಎಂದಿದ್ದ ಠಸ್ಸೆಯನ್ನು ಕಂಡು ಹಿಗ್ಗಿ ಕೊಂಡಿದ್ದೆ. ಅದು ಟಪಾಲು ಹಡಗಿನಲ್ಲಿ ಪ್ರಯಾಣದ ನಡುವೆಯೇ ಕಾಗದಗಳನ್ನು ವಿಂಗಡಿಸುತ್ತಿದ್ದ ಕಚೇರಿಯದು, ಏಡನ್ ಊರಿನದಲ್ಲ. ಬೆಲೆಯುಳ್ಳ ವಸ್ತುವೇ ಹೌದು, ಆದರೆ ಈ ಸಂಗ್ರಹದಲ್ಲಿ ಅದಕ್ಕೆ ಬೇರೆಯೇ ಪುಟ ಬೇಕು. ಇನ್ನೊಂದು ಮಾತು: ಲಕೋಟೆಯ ತುಣುಕಿನ ಮೇಲಿರುವ ಚೀಟಿಯನ್ನು ದಯವಿಟ್ಟು ನೀರಿಗೆ ಹಾಕಬೇಡಿ. ಠಸ್ಸೆಯ ಉಳಿದರ್ಧ ಆ ಕಾಗದದ ಮೇಲೆಯೇ ಇರುತ್ತದೆ.

ವರ್ಷದೊಳಗೆ ಒಂದು ಪುಟ ತುಂಬಿ ಅಂದವಾಗಿ ಕಾಣಬೇಕೆನ್ನುವವರು ಹಾಯಿಹಡಗಿನ ಸರಣಿಯನ್ನೇ, ಅದೂ ಒಂದು ರೂಪಾಯಿಯವರೆಗಿನ ಬಳಸಿದ ಚೀಟಿಗಳನ್ನು, ಆರಿಸಿಕೊಳ್ಳಲಿ. ಊರನ್ನು ಅರಿಯಬೇಕೆನ್ನುವವರಿಗೆ ನಾನು ಠಸ್ಸೆಗಳನ್ನೇ ಹೇಳುತ್ತೇನೆ: ಹಡಗುಗಳು ಬಂದು ನಿಲ್ಲುತ್ತಿದ್ದ ಸ್ಟೀಮರ್ ಪಾಯಿಂಟ್, ಸೈನ್ಯವಿದ್ದ ಏಡನ್ ಕ್ಯಾಂಪ್, ಒಳನಾಡಿನ ಕಡೆಯ ಶೇಖ್ ಒತ್ಮಾನ್ ಇವು ಒಂದೊಂದಾಗಿ ಕೈಸೇರಿದಂತೆ ಬಂದರಿನ ನಕ್ಷೆಯೇ ಆಲ್ಬಮ್ಮಿನಲ್ಲಿ ಹರಡಿಕೊಳ್ಳುತ್ತದೆ. ನನ್ನ ಹಾಯಿಹಡಗಿನ ಪುಟದಲ್ಲಿ ಐದು ಮತ್ತು ಹತ್ತು ರೂಪಾಯಿಯ ಜಾಗಗಳು ಇಂದಿಗೂ ಖಾಲಿಯಿವೆ. ಅವುಗಳಿಗೆಂದು ಕೂಡಿಟ್ಟ ಹಣದಲ್ಲಿ ಈಗ ಏಡನ್ ಆಡಳಿತಕ್ಕೇ ಸೇರಿದ್ದ ಪೆರಿಮ್ ದ್ವೀಪದ ಒಂದು ಸ್ಪಷ್ಟ ಠಸ್ಸೆಯನ್ನು ಹುಡುಕುತ್ತಿದ್ದೇನೆ.