ನಿಲ್ಲಿಸಿ ನೋಡುತ್ತಾರೆ, ರಿಪೋರ್ಟ್ ಮಾತ್ರ ಒಂದೇ ಸಾಲು

ಮಂಗಳೂರಿನ ಕಂಕನಾಡಿ ಕಡೆಯ ಒಂದು ಸ್ಕ್ಯಾನ್ ಸೆಂಟರಿನ ಕಾಲಿನ ಕಲರ್ ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್, ಬಗ್ಗೆ ಇದು. ಜವಳಿ ಅಂಗಡಿ, ಹೋಟೆಲು, ಮೀನು ಮಾರ್ಕೆಟಿನಲ್ಲಿ ಇಡೀ ದಿನ ನಿಂತು ದುಡಿಯುವವರ ಕಾಲು ಊದಿದರೆ ಡಾಕ್ಟರು ಮೊದಲು ಬರೆಯುವುದು ಇದನ್ನೇ. ಊರಲ್ಲಿ ‘ನರ ಉಬ್ಬಿದೆ’ ಅನ್ನುತ್ತಾರೆ. ಉಬ್ಬಿದ್ದು ನರ ಅಲ್ಲ, ಕವಾಟ (ರಕ್ತ ಕೆಳಕ್ಕೆ ವಾಪಸು ಇಳಿಯದಂತೆ ತಡೆಯುವ ಬಾಗಿಲು) ಕೆಟ್ಟ ರಕ್ತನಾಳ.

ಪರೀಕ್ಷೆ ಮಾಡುವ ಕ್ರಮಕ್ಕೆ ಪೂರ್ತಿ ಅಂಕ ಕೊಡಬಹುದು. ಮೊದಲು ಮಲಗಿಸಿ ತೊಡೆಸಂದಿನಿಂದ ಕೆಳಕ್ಕೆ ಒಂದೆರಡು ಸೆಂಟಿಮೀಟರಿಗೊಮ್ಮೆ ಪ್ರೋಬ್ (ಚರ್ಮದ ಮೇಲೆ ಹಿಡಿಯುವ ಸ್ಕ್ಯಾನಿನ ಕೈ ಉಪಕರಣ) ಒತ್ತುತ್ತಾ ಬರುತ್ತಾರೆ. ಒತ್ತಿದಾಗ ನಾಳ ಪೂರ್ತಿ ಚಪ್ಪಟೆಯಾದರೆ ಅಲ್ಲಿ ರಕ್ತ ಹೆಪ್ಪುಗಟ್ಟಿಲ್ಲ. ಆಮೇಲೆ ನಿಲ್ಲಿಸುತ್ತಾರೆ. ಭಾರವೆಲ್ಲ ಇನ್ನೊಂದು ಕಾಲಿಗೆ, ನೋಡುವ ಕಾಲು ಸಡಿಲ. ಮೀನಖಂಡ ಹಿಂಡಿ ತಟ್ಟನೆ ಬಿಟ್ಟಾಗ ಮೇಲೇರಿದ ರಕ್ತ ವಾಪಸು ಇಳಿಯುತ್ತದಾ, ಎಷ್ಟು ಹೊತ್ತು ಇಳಿಯುತ್ತದೆ ಎಂದು ನೋಡಬೇಕು. ಚರ್ಮದ ಕೆಳಗಿನ ನಾಳದಲ್ಲಿ 0.5 ಸೆಕೆಂಡು, ತೊಡೆಯ ಆಳದ ನಾಳದಲ್ಲಿ 1 ಸೆಕೆಂಡು ದಾಟಿದರೆ ಕವಾಟ ಕೆಟ್ಟಿದೆ ಎಂದೇ ಲೆಕ್ಕ. ಮಲಗಿಸಿಯೇ ಮುಗಿಸಿದರೆ ಇದು ಕೈತಪ್ಪುವುದುಂಟು.

ಪರದೆಯ ಕೆಂಪು ನೀಲಿ ನೋಡಿ ಶುದ್ಧ ರಕ್ತ, ಅಶುದ್ಧ ರಕ್ತ ಎಂದು ಗಾಬರಿಯಾಗಬೇಡಿ. ರಕ್ತ ಪ್ರೋಬಿನ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನಷ್ಟೇ ಬಣ್ಣ ಹೇಳುತ್ತದೆ; ಒಂದು ಬಟನ್ ಒತ್ತಿದರೆ ಅದೂ ಅದಲು ಬದಲು.

ಕೊರತೆ ಎರಡು. ಒಂದು, ಎಸಿ ವಿಪರೀತ; ಚಳಿಗೆ ನಾಳ ಕುಗ್ಗಿದರೆ ಅಳತೆಯೇ ಸಣ್ಣದು ಬರುತ್ತದೆ. ಎರಡನೆಯದು ದೊಡ್ಡದು: ಅಷ್ಟು ಚೆನ್ನಾಗಿ ನೋಡಿ, ರಿಪೋರ್ಟಿನಲ್ಲಿ ‘ಕವಾಟ ಸೋರುತ್ತಿದೆ’ ಎಂಬರ್ಥದ ಒಂದೇ ಸಾಲು. ಕೆಟ್ಟ ನಾಳವನ್ನು ಲೇಸರಿನಿಂದ ಮುಚ್ಚುವ ಸರ್ಜನ್‌ಗೆ ನಾಳದ ಅಗಲ ಎಷ್ಟು ಮಿಲಿಮೀಟರ್, ರಕ್ತ ಎಷ್ಟು ಸೆಕೆಂಡು ಹಿಂದಕ್ಕೆ ಹರಿಯಿತು, ಸೋರುವ ಅಡ್ಡನಾಳ (ಚರ್ಮದ ಕೆಳಗಿನ ನಾಳವನ್ನು ಆಳದ ನಾಳಕ್ಕೆ ಸೇರಿಸುವಂಥದ್ದು) ಹಿಮ್ಮಡಿಯಿಂದ ಎಷ್ಟು ಸೆಂಟಿಮೀಟರ್ ಮೇಲಿದೆ, ಇಷ್ಟೂ ಬೇಕು. ಇಲ್ಲದಿದ್ದರೆ ಅವರು ಇನ್ನೊಮ್ಮೆ ಸ್ಕ್ಯಾನ್ ಮಾಡಿಸುತ್ತಾರೆ, ದುಡ್ಡು ಡಬಲ್. ಚಿತ್ರ ಕೊಡುವುದೂ ಥರ್ಮಲ್ ಕಾಗದದಲ್ಲಿ. ನಮ್ಮ ಸೆಕೆಗೆ ಮಾಸಿಹೋಗುವಂಥದ್ದು. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಖಾಲಿ ಹೊಟ್ಟೆ ಬೇಡ, ಇಂಜೆಕ್ಷನ್ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಬಿಗಿ ಪ್ಯಾಂಟಿಗಿಂತ ಪಂಚೆ, ನೈಟಿ ಅನುಕೂಲ. ಸಂಜೆ ಹೋದರೆ ಒಳ್ಳೆಯದು, ದಿನವಿಡೀ ನಿಂತ ಕಾಲಿನಲ್ಲಿ ಸೋರಿಕೆ ಸ್ಪಷ್ಟ ಕಾಣುತ್ತದೆ. ಅಳತೆಗಳನ್ನು ಜೆಲ್ ಒರೆಸುವ ಮೊದಲೇ ಕೇಳಿ ಬರೆಸಿಕೊಳ್ಳಿ. ರಿಪೋರ್ಟಿಗೆ ಸಹಿ ಬಿದ್ದ ಮೇಲೆ ಕೇಳಿದರೆ ಮತ್ತೆ ಟೋಕನ್ ತೆಗೆದುಕೊಳ್ಳಿ ಅನ್ನುತ್ತಾರೆ.